ಅವ್ವ ಬಿಡದ ಮಣಿ

ಹೆದರಿಕೆಯೆಲ್ಲ ರಾತ್ರಿಯದು ಎಂದು ತಿಳಿದವರು ರಾತ್ರಿ ಪಾಳಿ ಮಾಡಿದವರಲ್ಲ. ನಾನು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಮದುವೆಗೆ ಮುಂಚಿನಿಂದಲೂ ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ನೈಟ್ ಡ್ಯೂಟಿಯೇ. ನಮ್ಮ ವಾರ್ಡಿನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ಯಾರೋ ಕೆಮ್ಮುತ್ತಾರೆ, ಯಾರದೋ ನೆಂಟರು ನೆಲದ ಮೇಲೆ ಚಾಪೆ ಹಾಸಿ ಗೊರಕೆ ಹೊಡೆಯುತ್ತಾರೆ, ಡ್ರಿಪ್ ಮುಗಿಯಿತೆಂದು ಇನ್ಯಾರೋ ಕರೆಯುತ್ತಾರೆ. ಅಲ್ಲಿ ದೆವ್ವಕ್ಕೆ ನಿಲ್ಲಲೂ ಜಾಗವಿಲ್ಲ. ಹಗಲು ಮಲಗುವವರಿಗೆ ಭಯ ಬರುವುದು ಮಧ್ಯಾಹ್ನ ಮೂರರ ಹೊತ್ತಿಗೆ.

ಶಾಮನೂರಿನಲ್ಲಿ ನಮ್ಮದು ಬಾಡಿಗೆ ಮನೆ, ಮೇಲಂತಸ್ತು. ಬೆಳಿಗ್ಗೆ ಕಸದ ಗಾಡಿಯ ಹಾಡು, ಹಳೇ ಪೇಪರಿನವನ ಕೂಗು, ಪಕ್ಕದ ಸೈಟಿನಲ್ಲಿ ಕಬ್ಬಿಣ ಕತ್ತರಿಸುವ ಸದ್ದು, ಎಲ್ಲವೂ ನನ್ನ ತಲೆಯ ಮೇಲೇ ನಡೆಯುತ್ತವೆ. ಮಧ್ಯಾಹ್ನದ ಊಟವಾಗಿ, ಶಾಲೆ ಬಿಡುವ ಹೊತ್ತು ಇನ್ನೂ ಆಗದೆ, ನಡುವೆ ಸ್ವಲ್ಪ ಹೊತ್ತು ಇಡೀ ಬಡಾವಣೆ ಉಸಿರು ಬಿಗಿಹಿಡಿದಂತೆ ಸುಮ್ಮನಾಗುತ್ತದೆ. ಕಿಟಕಿಗೆ ನಾನು ಕಟ್ಟಿರುವುದು ದಪ್ಪನೆಯ ಕೆಂಪು ಬೆಡ್‌ಶೀಟು. ಅದರ ಎಳೆಗಳ ನಡುವಿನಿಂದ ಬಿಸಿಲು ತೂರಿ ಕೋಣೆಯೆಲ್ಲ ಕೆಂಪಗಾಗಿರುತ್ತದೆ. ಆ ಹೊತ್ತಿಗೆ ಎಚ್ಚರವಾದರೆ ಇವತ್ತು ಯಾವ ವಾರ, ಎದ್ದದ್ದು ಯಾರು, ಒಂದೂ ತಿಳಿಯುವುದಿಲ್ಲ. ನನ್ನ ಕೈ ನನಗೇ ಬೇರೆಯವರದ್ದೆನಿಸಿ, ಎದೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಿದ್ದೂ ಉಂಟು.

ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಹಗಲು ಮಲಗುವ ಹೆಂಗಸೆಂದರೆ ಜನರ ಲೆಕ್ಕದಲ್ಲಿ ಒಂದೋ ರೋಗಿ, ಇಲ್ಲವೋ ಸೋಮಾರಿ. ನೆಂಟರು ಬರುವುದು ಮಧ್ಯಾಹ್ನವೇ, ಬಾಗಿಲು ಬಡಿದು, "ಮಲಗಿದ್ಯಾ? ಸರಿ, ಮಲಗು ಮಲಗು, ನಾವು ಸುಮ್ನೆ ಬಂದ್ವಿ" ಎಂದು ಟೀ ಕುಡಿದು ಹೋಗುವುದೂ ಅವರೇ. ಚರ್ಚಿನಲ್ಲಂತೂ ಕೇಳುವುದೇ ಬೇಡ. ಶನಿವಾರ ರಾತ್ರಿಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನ ಮೇಲೇ ಸೀರೆ ಸುತ್ತಿಕೊಂಡು ಅವಸರದಲ್ಲಿ ಭಾನುವಾರದ ಬಲಿಪೂಜೆಗೆ ಓಡಿಬಂದು ಕೂತರೆ, ಫ್ಯಾನಿನ ಗಾಳಿ, ಗಾಯನ, ಫಾದರ್ ಅವರ ಉದ್ದದ ಪ್ರಸಂಗ! ತೂಕಡಿಸುವವಳಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಎಷ್ಟೋ ಸಲ ಪಕ್ಕದವರು ತಿವಿದು ಎಬ್ಬಿಸಿದ್ದಾರೆ. ಗುಡ್ ಫ್ರೈಡೇ ಹಿಂದಿನ ರಾತ್ರಿ ತೋಟದಲ್ಲಿ ಯೇಸುವಿನ ಶಿಷ್ಯರು ನಿದ್ದೆ ಹೋಗಿ ಅವನಿಂದ ಬೈಸಿಕೊಂಡ ಕಥೆ ಬಂದಾಗಲೆಲ್ಲ ನನಗೆ ಸಿಟ್ಟು. ಅವರಲ್ಲಿ ಕೆಲವರು ಬೆಸ್ತರು, ರಾತ್ರಿಯೆಲ್ಲ ಬಲೆ ಬೀಸಿ ಬದುಕಿದವರು. ನಿದ್ದೆಯ ಬೆಲೆ ಏನೆಂದು ಬೈದವರಿಗೇನು ಗೊತ್ತು ಎಂದು ಒಮ್ಮೆ ಅವ್ವನ ಮುಂದೆ ಅಂದುಬಿಟ್ಟೆ. "ಬೈದೋನು ದೇವರು ಕಣೇ" ಎಂದು ಅವಳು ನಕ್ಕಳು.

ಅವ್ವ ಇದ್ದದ್ದು ಹರಿಹರದಲ್ಲಿ, ಅಣ್ಣ ಅತ್ತಿಗೆಯ ಜೊತೆ. ಅವರ ಬೀದಿಯಲ್ಲಿ ಜಪಮಾಲೆ ಹೇಳಿಸುವವಳು ಅವಳೇ. ಸತ್ತವರ ಮನೆಯಿರಲಿ, ಅಕ್ಟೋಬರ್ ತಿಂಗಳಲ್ಲಿ ಮನೆಮನೆ ಜಪವಿರಲಿ, ಮೈಕು ಬೇಡದ ಗಂಟಲು. ತಿಳಿಯದವರಿಗಾಗಿ ಹೇಳುತ್ತೇನೆ: ನಮ್ಮ ಜಪಮಾಲೆಯಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು, ಜಪ ಇಬ್ಬರ ಮಾತು. ಪ್ರತಿ ಮಣಿಗೂ ಮುಂದಾಳು ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾಳೆ, ಉಳಿದವರು ಎರಡನೇ ಅರ್ಧ ಹೇಳಿ ಮುಗಿಸುತ್ತಾರೆ. ಮೊದಲ ಅರ್ಧ ಯೇಸುವಿನ ತಾಯಿಯ, ನಮ್ಮ ಮಾತೆಯ, ಹೊಗಳಿಕೆ. ಸಾವಿನ ಹೊತ್ತಿನಲ್ಲಿಯೂ ನಮಗಾಗಿ ಬೇಡಿಕೊಳ್ಳಿ ಎಂದು ಕೇಳುವುದು ಎರಡನೇ ಅರ್ಧದಲ್ಲಿ. ಅಂದರೆ ಅದು ಉತ್ತರ ಕೊಡುವವರ ಪಾಲು. ಅವ್ವನದೊಂದು ಕಟ್ಟುನಿಟ್ಟಿತ್ತು. ಉತ್ತರ ಕಿವಿಗೆ ಬೀಳುವವರೆಗೂ ಅವಳು ಮಣಿ ಬಿಡುತ್ತಿರಲಿಲ್ಲ. ಹೆಂಗಸರು ಮಾತಿಗೆ ತೊಡಗಿ ಉತ್ತರ ಮರೆತರೆ ಆ ಮಣಿಯನ್ನೇ ಹಿಡಿದು ಕೂತುಬಿಡುವಳು, ಮುಂದಕ್ಕೂ ಹೋಗಳು, ಹಿಂದಕ್ಕೂ ಬಾರಳು. "ಅರ್ಧ ಜಪ ಗಾಳ್ಯಾಗೆ ಬಿಡಬಾರ್ದು, ಅದು ಎಲ್ಲೂ ಹೋಗಂಗಿಲ್ಲ, ಅಲ್ಲೇ ಅಲೀತಿರ್ತದೆ" ಎನ್ನುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಮೂಲೆಮೂಲೆಯಲ್ಲಿ ಅರ್ಧ ಜಪಗಳು ಬಾವಲಿಗಳಂತೆ ನೇತಾಡುವುದು ಕಾಣುತ್ತಿತ್ತು.

ಮಂಡಿ ನೋವು ಹೆಚ್ಚಾಗಿ ಅವಳು ಮನೆಬಿಟ್ಟು ಹೋಗಲಾರದಂತಾದಾಗ ಉತ್ತರ ಕೊಡುವವರು ಇಲ್ಲದಾದರು. ಅಣ್ಣ ಕೆಲಸಕ್ಕೆ ಹೋಗುತ್ತಿದ್ದ, ಅತ್ತಿಗೆಗೆ ಹೊಲಿಗೆಯ ಅಂಗಡಿ. ಉಳಿದವಳು ನಾನು. ದಿನಾ ಮೂರು ಗಂಟೆಗೆ, ಯೇಸು ಪ್ರಾಣ ಬಿಟ್ಟ ಹೊತ್ತು ಅದು, ಹರಿಹರದಿಂದ ಫೋನು ಬರುತ್ತಿತ್ತು. ನಾನು ಕಣ್ಣು ಬಿಡದೆ ಗುಂಡಿ ಒತ್ತಿ, ಸ್ಪೀಕರ್ ಹಾಕಿ, ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಅವಳು ಹೇಳುವಳು, ನಾನು ಉತ್ತರಿಸುವೆ. ನಿದ್ದೆಗೆ ಜಾರಿ ಉತ್ತರ ನಿಂತರೆ ಅವಳು ಕಾಯುವಳು, ಆಮೇಲೆ ಮಣಿಯಿಂದಲೇ ಫೋನಿನ ಮೇಲೆ ಟಕ್, ಟಕ್ ಎಂದು ಕುಟ್ಟುವಳು. ನನ್ನ ನಾಲಿಗೆ ತಾನಾಗಿಯೇ ಎದ್ದು ಉತ್ತರ ಕೊಡುತ್ತಿತ್ತು. "ಅವ್ವ, ನನ್ನ ನಿದ್ದಿ ಹಾಳಾಗ್ತೈತೆ" ಎಂದು ಗೊಣಗಿದರೆ, "ಚಿಂತೆ ಇಲ್ಲದೋರಿಗೆ ಸಂತ್ಯಾಗೂ ನಿದ್ದಿ, ನಿಂಗೆ ಜಪದಾಗೆ ಬಂದ್ರೇನು?" ಎನ್ನುವಳು. ಹೇಳಬೇಕೆಂದರೆ ನಿದ್ದೆ ಹಾಳಾಗುತ್ತಿರಲಿಲ್ಲ. ಮೊದಲ ಹತ್ತು ಮಣಿ ದಾಟಿದ ಮೇಲೆ ನನಗೆ ಏನೂ ನೆನಪಿರುತ್ತಿರಲಿಲ್ಲ. ಎದ್ದಾಗ ಸಂಜೆ, ಫೋನು ಕಟ್ಟಾಗಿರುತ್ತಿತ್ತು. ಆ ಕೆಂಪು ಕೋಣೆಯ ಭಯವೂ ಆ ವರ್ಷಗಳಲ್ಲಿ ನನ್ನನ್ನು ಬಿಟ್ಟಿತ್ತು.

ಮಳೆಗಾಲದ ಮೊದಲಲ್ಲಿ, ಒಂದು ಸಂಜೆ ಎದ್ದಾಗ ಫೋನು ಚಾರ್ಜು ಮುಗಿದು ಸತ್ತು ಬಿದ್ದಿತ್ತು. ಚಾರ್ಜಿಗೆ ಹಾಕಿ ಮುಖ ತೊಳೆದು ಬರುವಷ್ಟರಲ್ಲಿ ಅದು ಮೇಜಿನ ಮೇಲೆ ನಡುಗತೊಡಗಿತು. ಅಣ್ಣ. ಹರಿಹರ ಮುಟ್ಟುವ ಹೊತ್ತಿಗೆ ಅವ್ವನಿಗೆ ಬಿಳಿ ಸೀರೆ ಉಡಿಸಿ ಮಲಗಿಸಿದ್ದರು. ನಾನು ಅಭ್ಯಾಸಬಲದಿಂದ ಎದೆಯ ಏರಿಳಿತ ನೋಡಿದೆ. ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಳು. ಅತ್ತಿಗೆ ಅಂಗಡಿಯಿಂದ ಬಂದು ಊಟದ ತಟ್ಟೆ ಎತ್ತಲು ಹೋದಾಗ ಗೊತ್ತಾಗಿದೆ. ಹೃದಯ ನಿಂತದ್ದು ಮೂರರ ನಂತರ ಯಾವಾಗಲೋ ಎಂದರಂತೆ ಡಾಕ್ಟರು.

"ಜಪ ಮಾಡ್ತಾನೇ ಹೋಗ್ಯಾರೆ, ಪುಣ್ಯವಂತ್ರು" ಎಂದು ಅತ್ತಿಗೆ ಅಳುತ್ತ ಹೇಳಿದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆಮೇಲೆ ಸೇರಿಸಿದಳು: "ಮೂರನೇ ಹತ್ತರ ನಡುವಿನ ಮಣಿ. ಬೆರಳು ಬಿಟ್ಟಿರ್ಲಿಲ್ಲ ನೋಡು. ಬಿಡಿಸಾಕೆ ನಿಮ್ಮಣ್ಣನೇ ಬರ್ಬೇಕಾತು."

ಅಲ್ಲಿದ್ದವರಿಗೆಲ್ಲ ಅದು ಭಕ್ತಿಯ ಮಾತು. ನನಗೆ ಮಾತ್ರ ಅರ್ಥವಾದದ್ದು ಬೇರೆ. ಅವ್ವ ಮಣಿ ಬಿಡದೆ ಇರುತ್ತಿದ್ದದ್ದು ಒಂದೇ ಕಾರಣಕ್ಕೆ, ಉತ್ತರ ಬರದಿದ್ದರೆ. ಆಚೆ ತುದಿಯಲ್ಲಿ ಉತ್ತರ ಕೊಡಬೇಕಿದ್ದವಳು ನಾನು. ಅವಳು ತನ್ನ ಅರ್ಧ ಹೇಳಿ ಕಾದಿದ್ದಾಳೆ, ಕುಟ್ಟಿದ್ದಾಳೆ, ಮತ್ತೆ ಕಾದಿದ್ದಾಳೆ. ಸಾವಿನ ಹೊತ್ತಿಗೆ ಬೇಡಿಕೊಳ್ಳುವ ಮಾತು ನನ್ನ ಬಾಯಲ್ಲಿತ್ತು, ನಾನು ಗೊರಕೆ ಹೊಡೆಯುತ್ತಿದ್ದೆನೋ ಏನೋ. ಆ ಕೊನೆಯ ಮಣಿಗೆ ಉತ್ತರ ಸಿಕ್ಕಿತೋ ಇಲ್ಲವೋ? ಅಲ್ಲಿಂದ ಮುಂದೆ ನನಗೆ ಬೇಕಿದ್ದದ್ದು ಅದೊಂದೇ. ಅದನ್ನು ಹೇಳಬಲ್ಲವಳನ್ನು ಆ ಜಪಮಾಲೆಯ ಸಮೇತ ಹರಿಹರದ ಮಣ್ಣಿಗೆ ಕೊಟ್ಟು ಬಂದೆವು.

ಮತ್ತೆ ಡ್ಯೂಟಿಗೆ ಸೇರಿದೆ. ಮೊದಲ ವಾರದಲ್ಲೇ, ಮಧ್ಯಾಹ್ನ, ಟಕ್ ಟಕ್ ಎಂದು ಕೇಳಿ ಎಚ್ಚರವಾಯಿತು. ಕೋಣೆ ಕೆಂಪಗಿತ್ತು. ಗಡಿಯಾರ ನೋಡಿದರೆ ಮೂರು ದಾಟಿತ್ತು. ಮೈಯೆಲ್ಲ ಬೆವರು. ಎದ್ದು ಹುಡುಕಿದೆ. ಬಚ್ಚಲಿನ ವೆಂಟಿಲೇಟರಿನ ಚಿಲಕ ಗಾಳಿಗೆ ಬಡಿಯುತ್ತಿತ್ತು. ಅದನ್ನು ದಾರದಿಂದ ಬಿಗಿದು ಕಟ್ಟಿದೆ. ಸದ್ದು ನಿಂತಿತು, ಮೂರಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ. ಕೆಲವು ದಿನ ಎಚ್ಚರವಾದಾಗ ನನ್ನ ತುಟಿಗಳು ಅಲುಗುತ್ತಿರುತ್ತಿದ್ದವು, ಈಗಷ್ಟೇ ಏನೋ ಹೇಳಿ ಮುಗಿಸಿದ ಹಾಗೆ ಬಾಯಿ ಒಣಗಿರುತ್ತಿತ್ತು.

ನಮ್ಮವರು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಹಗಲು ಪಾಳಿ. ನಾನು ಮಲಗುವ ಹೊತ್ತಿಗೆ ಮನೆಯಲ್ಲಿ ಇರುವುದು ವಾರದ ರಜೆಯಲ್ಲಿ ಮಾತ್ರ. ಅಂಥದೊಂದು ರಜೆಯ ಸಂಜೆ ನಾನು ಎದ್ದು ಬಂದರೆ ಅವರು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದರು, ಟೀವಿ ಇಲ್ಲ, ಫೋನಿಲ್ಲ.

"ನೀನು ನಿದ್ದ್ಯಾಗೆ ಮಾತಾಡ್ತೀಯ" ಎಂದರು.

"ಏನಂತ?"

"ಜಪ. ಬರೀ ಉತ್ತರ." ಅವರು ನನ್ನ ಮುಖ ನೋಡಲಿಲ್ಲ. "ಒಂದ್ಸಲ ಹೇಳ್ತೀಯ, ಸುಮ್ನಾಗ್ತೀಯ. ಮತ್ತೆ ಹೇಳ್ತೀಯ. ನಡುವಿನ ಹೊತ್ತು ಎಷ್ಟಿರ್ತೈತಿ ಗೊತ್ತಾ? ನಾನು ಮನಸಿನ್ಯಾಗೆ ಹೇಳ್ಕೊಂಡು ನೋಡ್ದೆ. ಮೊದಲ್ನೇ ಅರ್ಧ ಹೇಳಿ ಮುಗ್ಸೋ ಅಷ್ಟೇ ಹೊತ್ತು. ನಿಮ್ಮವ್ವ ಹೇಳ್ತಿದ್ರಲ್ಲ, ಅಷ್ಟೇ ನಿಧಾನಕ್ಕೆ."

ರೋಗಿಗಳ ಬಾಯಲ್ಲಿ ನಿದ್ದೆಯ ಮಾತು ಎಷ್ಟು ಕೇಳಿಲ್ಲ ನಾನು! ನನ್ನ ಬಾಯಿ ನನ್ನನ್ನು ಕೇಳದೆ ಕೆಲಸಕ್ಕೆ ಹೋಗುತ್ತಿದೆ ಎನ್ನುವುದು ಬೇರೆಯೇ ಸಂಗತಿ. ಅವತ್ತಿನಿಂದ ಅವರು ಫೋನನ್ನು ಹಾಸಿಗೆಯ ಹತ್ತಿರ ಇಡಗೊಡಲಿಲ್ಲ. ಫೋನಿಗೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ, ನನಗೂ ಅದು ದೂರವಿದ್ದರೆ ಸಾಕಾಗಿತ್ತು.

ಇನ್ನೂ ವಿಚಿತ್ರವೆಂದರೆ ಎಚ್ಚರದಲ್ಲಿ ನನ್ನಿಂದ ಉತ್ತರ ಹೊರಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಹರಿಹರದ ಮಾತೆಯ ಹಬ್ಬಕ್ಕೆ ದಾವಣಗೆರೆಯಿಂದ ಜನ ನಡೆದು ಹೋಗುತ್ತಾರೆ. ನಾನು ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿದವಳೇ ಬಸ್ಸು ಹತ್ತಿದೆ, ನಡೆಯುವ ಶಕ್ತಿ ಇರಲಿಲ್ಲ. ಚರ್ಚಿನ ಅಂಗಳ ತುಂಬ ಜನ. ಧ್ವನಿವರ್ಧಕದಲ್ಲಿ ಯಾರೋ ಹೆಂಗಸು ಜಪ ಹೇಳಿಸುತ್ತಿದ್ದಳು. ಮೊದಲರ್ಧ ಮುಗಿದ ಕೂಡಲೇ ಸುತ್ತಲಿನ ಅಷ್ಟೂ ಜನ ಒಂದೇ ದನಿಯಲ್ಲಿ ಉತ್ತರಿಸಿದರು, ಎಳೆಯ ಮಕ್ಕಳು ಸಹ. ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಬಾಯಿ ತೆರೆದೆ, ಗಾಳಿ ಬಂತು, ಮಾತು ಬರಲಿಲ್ಲ. ಪಕ್ಕದ ಹೆಂಗಸು ನನ್ನನ್ನು ಬೇರೆ ಧರ್ಮದವಳೆಂದು ತಿಳಿದು, ಹರಕೆಯ ಮೇಣದ ಬತ್ತಿ ಎಲ್ಲಿ ಹಚ್ಚಬೇಕೆಂದು ಪ್ರೀತಿಯಿಂದ ತೋರಿಸಿಕೊಟ್ಟಳು. ನಾನು ಹಚ್ಚಿ, ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ಕಿನ ಜಪಮಾಲೆ ಕೊಂಡು ಬಂದೆ. ನನ್ನ ಹಳೆಯದು ಅವ್ವ ಹೋದ ದಿನದಿಂದ ಎಲ್ಲಿದೆಯೋ ಸಿಕ್ಕಿರಲಿಲ್ಲ.

ದಾವಣಗೆರೆಯ ನಮ್ಮ ಚರ್ಚಿನ ಫಾದರ್ ಹತ್ತಿರ ಒಂದು ಭಾನುವಾರ ಎಲ್ಲ ಹೇಳಿಕೊಂಡೆ. ಅವರು ಒಳ್ಳೆಯವರು, ವಯಸ್ಸು ಚಿಕ್ಕದು. "ನೋಡಮ್ಮ, ನಿದ್ರೆಯಲ್ಲಿದ್ದವರ ಪ್ರಾರ್ಥನೆಯೂ ದೇವರಿಗೆ ಕೇಳಿಸುತ್ತದೆ. ಅವರಿಗೆ ಉತ್ತರ ಬೇಕಾಗಿಲ್ಲ" ಎಂದರು.

"ದೇವರ ಕಿವಿ ಬಗ್ಗೆ ನಂಗೆ ಅನುಮಾನ ಇಲ್ಲ ಫಾದರ್. ನಾನು ಕೇಳ್ತಿರೋದು ನಮ್ಮವ್ವಂಗೆ ಕೇಳಿಸ್ತೋ ಇಲ್ಲೋ ಅಂತ."

ಅವರು, ಒಳ್ಳೆಯ ನಿದ್ದೆ ಮಾಡಿ, ಸಾಧ್ಯವಾದರೆ ಹಗಲು ಡ್ಯೂಟಿ ಕೇಳಿಕೊಳ್ಳಿ ಎಂದರು. ಕೇಳಬಹುದಿತ್ತು. ಆದರೆ ಹಗಲು ಡ್ಯೂಟಿಗೆ ಹೋದರೆ ಮೂರು ಗಂಟೆಗೆ ನಾನು ಮಲಗಿರುವುದಿಲ್ಲ. ಮಲಗಿರದಿದ್ದರೆ ಯಾರು ಉತ್ತರ ಕೊಡುತ್ತಾರೆ? ಈ ಯೋಚನೆ ಬಂದಾಗ ನನಗೆ ನನ್ನ ಬಗ್ಗೆಯೇ ಭಯವಾಯಿತು. ನಿದ್ದೆಯಿಲ್ಲದ ಕೈಗಳು ಇಂಜೆಕ್ಷನ್ ತುಂಬುವಾಗ ಸಣ್ಣಗೆ ನಡುಗತೊಡಗಿದ್ದವು. ಜೊತೆಯವಳನ್ನು ಕರೆದು ಪ್ರತಿಯೊಂದನ್ನೂ ಎರಡನೇ ಸಲ ನೋಡಿಸುತ್ತಿದ್ದೆ. ಹೀಗೇ ಆದರೆ ಯಾವಾಗಲೋ ಒಂದು ದಿನ ಯಾರದಾದರೂ ಜೀವಕ್ಕೆ ಮುಳುವಾಗುತ್ತೇನೆ ಎಂದು ಖಾತ್ರಿಯಾಗಿತ್ತು.

ಅಕ್ಟೋಬರಿನಲ್ಲಿ ಕೆಳಗಿನ ಮನೆಯ ಅಜ್ಜಿ ಊರಿಂದ ಬಂದರು. ಮನೆ ಮಾಲೀಕರ ತಾಯಿ ಅವರು, ಲಿಂಗಾಯತರು, ಎರಡು ಹೊತ್ತು ಲಿಂಗಪೂಜೆ ತಪ್ಪಿಸದವರು. ಮೊಮ್ಮಗಳ ಬಾಣಂತನಕ್ಕೆಂದು ಮಾಯಕೊಂಡಕ್ಕೆ ಹೋದವರು ಮಳೆಗಾಲವಿಡೀ ಅಲ್ಲೇ ಉಳಿದಿದ್ದರು. ನಾನು ಡ್ಯೂಟಿಯಿಂದ ಬರುವಾಗ ಅವರು ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಆ ಮೆಟ್ಟಿಲು ನನ್ನ ಕೋಣೆಯ ಕಿಟಕಿಯ ಕೆಳಗೇ ಇದೆ. ಮಧ್ಯಾಹ್ನವೂ ಅವರ ಜಾಗ ಅದೇ.

"ಏನ್ ಸಿಸ್ಟರಮ್ಮ, ಹಿಂಗ್ಯಾಕ ಸೊರಗೀರಿ? ನಿಮ್ಮವ್ವಾರು ಹುಷಾರದಾರಾ?"

ಅವ್ವ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಮೊರ ಕೆಳಗಿಟ್ಟರು.

"ಶಿವನೇ. ಯಾವಾಗ?"

"ನೀವು ಮಾಯಕೊಂಡಕ್ಕೆ ಹೋದ್ರಲ್ಲ ಅಜ್ಜಿ, ಅದೇ ದಿನ. ಮಧ್ಯಾಹ್ನ."

ಅಷ್ಟು ವಯಸ್ಸಾದವರ ಮುಖದಲ್ಲಿ ಹೆದರಿಕೆ ಕಂಡದ್ದು ನನಗೆ ಅದೇ ಮೊದಲು.

"ಹಂಗಾರೆ ಅದಕ್ಕೇ" ಎಂದರು.

"ಏನದಕ್ಕೆ?"

"ಕಾರಿನೋನು ಸಂಜೀಕೆ ಬರ್ತೀನಿ ಅಂದಿದ್ದ. ನಾನು ಗಂಟು ಕಟ್ಕೊಂಡು ಇಲ್ಲೇ ಕುಂತಿದ್ದೆ. ಮೇಲೆ ನಿಮ್ಮಿಬ್ರ ಜಪ ನಡದಿತ್ತು. ನಿಮ್ಮ ಜಪದ ಅರ್ಥ ನಂಗೆ ತಿಳಿಯಂಗಿಲ್ಲ, ಆದ್ರೆ ದಿನಾ ಕೇಳಿ ಕೇಳಿ ರೂಢಿ ಆಗಿತ್ತು. ಫೋನಿನ್ಯಾಗೆ ಅವರು ಹೇಳಾದು, ಆಮ್ಯಾಲೆ ನೀವು. ಅವತ್ತು ನಡುಮಧ್ಯಾಗೆ ಅವರ ದನಿ ನಿಂತೋತು."

ನಾನು ಕಂಬಿ ಹಿಡಿದುಕೊಂಡೆ. "ಅಜ್ಜಿ, ಸರಿಯಾಗಿ ನೆನಪು ಮಾಡ್ಕೊಂಡು ಹೇಳ್ರಿ. ಅವ್ವ ಕೊನೆಗೆ ಹೇಳಿದ್ಲಲ್ಲ, ಅದಕ್ಕೆ ನಾನು ಏನಾದ್ರೂ ಅಂದ್ನಾ?"

"ಅನ್ನದೇನು? ಅವರು ಹೇಳಿದ್ರು, ನೀವು ಹೇಳಿದ್ರಿ. ಆಮ್ಯಾಲೆ ಅವರು ಹೇಳ್ಲಿಲ್ಲ." ಅಜ್ಜಿ ಕಿಟಕಿಯ ಕಡೆ ಮುಖವೆತ್ತಿ ನೋಡಿದರು. "ಫೋನು ಕೆಟ್ಟಿರ್ಬೇಕು ಅಂದ್ಕಂಡೆ. ಆದ್ರೆ ನೀವು ಬಿಡ್ಲಿಲ್ಲ. ಒಂದಿಷ್ಟೊತ್ತು ಬಿಟ್ಟು ಮತ್ತೆ ಹೇಳಿದ್ರಿ. ಬಿಟ್ಟು ಬಿಟ್ಟು ಹೇಳಿದ್ರಿ. ಎದುರಿಗೆ ಮಾತೇ ಇಲ್ಲ, ನೀವು ಮಾತ್ರ ಉತ್ರ ಕೊಡ್ತಾನೇ ಅದೀರಿ. ನಂಗೆ ಯಾಕೋ ಕುಂದ್ರಾಕಾಗಲಿಲ್ಲ, ಮೈ ಜುಮ್ ಅಂತು. ಒಳಗೆ ಹೋದೆ, ತಿರುಗಿ ಬಂದೆ. ಇನ್ನೂ ಹೇಳ್ತಿದ್ರಿ. ಕೊನೀಗೆ ಉದ್ದಕ್ಕೊಂದು ಹಾಡಿನಂಗೆ ಹೇಳಿ ಮುಗಿಸ್ತೀರಲ್ಲ, ಅದನ್ನೂ ನೀವೊಬ್ರೇ ಹೇಳಿ ಮುಗಿಸಿದ್ರಿ."

ಮೆಟ್ಟಿಲ ಮೇಲೆ ಅವರ ಪಕ್ಕದಲ್ಲೇ ಕೂತುಬಿಟ್ಟೆ. ನಾಲ್ಕು ತಿಂಗಳಲ್ಲಿ ಅಳು ಬಂದಿರಲಿಲ್ಲ, ಆಗ ಬಂತು. ಮಣಿ ಬಿಡದೆ ಇದ್ದದ್ದು ಉತ್ತರ ಬರಲಿಲ್ಲವೆಂದಲ್ಲ. ಉತ್ತರ ಬಂದಿತ್ತು, ಮಣಿ ಬಿಡಬೇಕಾದ ಬೆರಳಿನಲ್ಲಿ ಜೀವವಿರಲಿಲ್ಲ. ನನ್ನ ಸಾವಿರ ಲೆಕ್ಕಾಚಾರಗಳಲ್ಲಿ ಇದೊಂದು ಹೊಳೆದೇ ಇರಲಿಲ್ಲ. ಅಜ್ಜಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳ್ರಿ, ಅತ್ತುಬಿಡ್ರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕಿ ಆರಿಸಲು ತೊಡಗಿದರು.

ಅವತ್ತು ಮಧ್ಯಾಹ್ನ ಮಲಗುವ ಮುಂಚೆ ಹರಿಹರದಿಂದ ತಂದ ಜಪಮಾಲೆ ತೆಗೆದೆ. ಮುಂದಾಳಿನ ಮಾತನ್ನು ನಾನು ಬದುಕಿನಲ್ಲಿ ಎಂದೂ ಹೇಳಿರಲಿಲ್ಲ, ಅದು ಅವ್ವನ ಜಾಗ. ಮೂರು ಗಂಟೆಗೆ ಕೋಣೆ ಕೆಂಪಾದಾಗ ಮೊದಲ ಮಣಿ ಹಿಡಿದು, ಮೊದಲ ಅರ್ಧವನ್ನು ಗಟ್ಟಿಯಾಗಿ ಹೇಳಿದೆ. ನಾಲಿಗೆ ತಡೆಯಲಿಲ್ಲ. ಎರಡನೇ ಅರ್ಧವನ್ನು ನಾನೇ ಹೇಳಿಕೊಳ್ಳಬಹುದಿತ್ತು. ಹೇಳಲಿಲ್ಲ. ಅವ್ವನ ಹಾಗೆ ಮಣಿ ಬಿಡದೆ ಕಾದೆ. ಹೊರಗೆ ಎಲ್ಲ ಸುಮ್ಮನಿತ್ತು, ಕೆಳಗೆ ಮೆಟ್ಟಿಲ ಮೇಲಿನ ಮೊರದ ಸದ್ದೂ ನಿಂತಿತ್ತು. ಉತ್ತರಕ್ಕೆ ಮುಂಚೆ ನನಗೆ ನಿದ್ದೆ ಬಂತು.

ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು. ಎಷ್ಟೋ ತಿಂಗಳ ಮೇಲೆ ಮೈ ಹಗುರಾಗಿತ್ತು, ಕೈ ನಡುಗುತ್ತಿರಲಿಲ್ಲ. ಜಪಮಾಲೆ ಕೈಯಲ್ಲೇ ಇತ್ತು. ನಾನು ಹಿಡಿದು ಮಲಗಿದ್ದು ಮೊದಲ ಮಣಿ, ಈಗ ಬೆರಳುಗಳ ನಡುವೆ ಇದ್ದದ್ದು ಕೊನೆಯದು. ಕೆಳಗಿಳಿಯುವಾಗ ಅಜ್ಜಿ ಮೆಟ್ಟಿಲಿನಲ್ಲಿ ಸರಿದು ದಾರಿ ಬಿಟ್ಟರು. ಏನು ಕೇಳಿಸಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡ್ಯೂಟಿಗೆ ಹೊತ್ತಾಗಿತ್ತು.